ಟೊಯೋಟಾದ ಪೂರೈಕೆದಾರರ ಜಾಲ: ಬಲವೋ, ಕುತ್ತಿಗೆಗೆ ಉರುಳೋ?

ಪ್ರಶ್ನೆ: ಒಂದೇ ಬಿಡಿಭಾಗಕ್ಕೆ ಒಬ್ಬರನ್ನೇ ನೆಚ್ಚಿಕೊಂಡರೆ ಜಾಲದಿಂದ ಏನು ಲಾಭ?

ಉತ್ತರ 1: 1997ರ ಫೆಬ್ರುವರಿ 1ರಂದು ಜಪಾನಿನ ಕರಿಯಾದಲ್ಲಿ ಟೊಯೋಟಾದ ಪೂರೈಕೆದಾರ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾಗೆ ಬೇಕಾದ ಬ್ರೇಕಿನ ಪಿ-ವಾಲ್ವ್ (ಹಿಂದಿನ ಚಕ್ರಗಳ ಬ್ರೇಕಿನ ಒತ್ತಡ ಹದಗೊಳಿಸುವ ಸಣ್ಣ ಭಾಗ) ಬಹುಪಾಲು ಅಲ್ಲೇ ಆಗುತ್ತಿತ್ತು. ಜಸ್ಟ್-ಇನ್-ಟೈಮ್ ನೋಡಿ, ಅಂದರೆ ಬೇಕಾದಾಗ ಬೇಕಾದಷ್ಟೇ ತರಿಸುವ ಪದ್ಧತಿ; ದಾಸ್ತಾನು ಇದ್ದದ್ದೇ ಅಲ್ಪ, ಕಾರು ಜೋಡಿಸುವ ಲೈನುಗಳು ನಿಂತವು. ಆದರೆ ವಾಲ್ವ್‌ನ ವಿನ್ಯಾಸದ ನಕ್ಷೆ ಹಂಚಿದ ಕೂಡಲೇ ಹತ್ತಾರು ಕಂಪನಿಗಳು ಕೈಹಾಕಿದವು. ಕೆಲವೇ ದಿನಗಳಲ್ಲಿ ವಾಲ್ವ್ ಬಂತು.

ಉತ್ತರ 2: ಅಷ್ಟು ಸಲೀಸಾಗಿರಲಿಲ್ಲ. ಅದಕ್ಕೆಂದೇ ಮಾಡಿದ ಯಂತ್ರ, ಡ್ರಿಲ್‌ಗಳೂ ಸುಟ್ಟಿದ್ದವು. ಹಲವು ಬಗೆಯ ಲೋಹದ ಕೆಲಸ ಮಾಡುವ ಸಾಮಾನ್ಯ ಯಂತ್ರಕ್ಕೆ (ಮೆಷಿನಿಂಗ್ ಸೆಂಟರ್) ಹೊಸ ಜಿಗ್, ಅಂದರೆ ಭಾಗವನ್ನು ಸರಿಯಾಗಿ ಹಿಡಿದಿಡುವ ಸಾಧನ, ಕಟ್ಟಬೇಕಾಯಿತು. ಕಾರಿನ ಭಾಗ ಮುಟ್ಟದ ಹೊಲಿಗೆಯಂತ್ರದ ಕಂಪನಿ ಬ್ರದರ್ ಕೂಡ ವಾಲ್ವ್ ಮಾಡಿತು!

ಉತ್ತರ 3: ಬೆಲೆ ಮಾತಾಡದೆಯೇ ಕೆಲಸ ಶುರುವಾಗಿದ್ದೇ ಗಮನಿಸಬೇಕಾದ್ದು. ವರ್ಷಗಟ್ಟಲೆ ಒಬ್ಬರ ಶಾಪ್‌ಫ್ಲೋರ್ (ಕಾರ್ಖಾನೆಯ ಕೆಲಸದ ಜಾಗ) ಇನ್ನೊಬ್ಬರು ನೋಡಿದ್ದರ ಫಲ ಅದು. ಬರೀ ವಿಸಿಟಿಂಗ್ ಕಾರ್ಡ್ ಹಂಚಿದರೆ ಇಂಥ ನಂಬಿಕೆ ಹುಟ್ಟಲ್ಲ.