ಐವತ್ತು ದಾಟಿದ ಮೇಲೆ ಬ್ರಯಾನ್ ಕ್ರಾನ್ಸ್ಟನ್‌ಗೆ ಒಲಿದದ್ದು ಬರೀ ಅದೃಷ್ಟವಾ?

ಕಂತುಪ್ರಿಯ ಕೇಳಿದ್ದು:

ಬ್ರೇಕಿಂಗ್ ಬ್ಯಾಡ್ ಅನ್ನೋ ಅಮೆರಿಕದ ಟಿವಿ ಧಾರಾವಾಹಿ ಈಗಷ್ಟೇ ನೋಡಿ ಮುಗಿಸಿದೆ. ಬ್ರಯಾನ್ ಕ್ರಾನ್ಸ್ಟನ್ ಮಾಡಿದ ವಾಲ್ಟರ್ ವೈಟ್, ಅಂದರೆ ಮಾದಕವಸ್ತು ತಯಾರಿಸೋಕೆ ಇಳಿಯುವ ಮೇಷ್ಟ್ರ ಪಾತ್ರ ಇನ್ನೂ ತಲೆಯಿಂದ ಇಳಿದಿಲ್ಲ. ಆಮೇಲೆ ಹುಡುಕಿದರೆ, 2008ರ ಜನವರಿಯಲ್ಲಿ ಧಾರಾವಾಹಿ ಶುರುವಾದಾಗ ಕ್ರಾನ್ಸ್ಟನ್‌ಗೆ 51 ವರ್ಷ ಅಂತ ಗೊತ್ತಾಯಿತು. ಇಂಥ ನಟ ಅಲ್ಲಿಯವರೆಗೆ ಎಲ್ಲಿದ್ದರು? ಗೆಳೆಯರನ್ನು ಕೇಳಿದರೆ "ಲಾಟರಿ ಹೊಡೀತು ಅಷ್ಟೇ" ಅಂತಾರೆ. ನನಗೆ ಒಪ್ಪೋಕೆ ಮನಸ್ಸಿಲ್ಲ, ಆದರೆ ವಾದ ಮಾಡೋಕೆ ವಿಷಯ ಗೊತ್ತಿಲ್ಲ. ಕೇಳೋಕೆ ಇನ್ನೊಂದು ಕಾರಣವೂ ಇದೆ. ನನ್ನ ತಮ್ಮ ಟಿವಿಯಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿಕೊಂಡಿದ್ದಾನೆ, ಮನೆಯವರು "ಇನ್ನೂ ಎಷ್ಟು ದಿನ ಇದು" ಅಂತ ಕೇಳುತ್ತಲೇ ಇರುತ್ತಾರೆ. ಇವರ ಕಥೆ ಚೆನ್ನಾಗಿ ಗೊತ್ತಿರುವವರು ಹೇಳಿ.

ಹಳೇಚಾನೆಲ್:

ಎಲ್ಲಿದ್ದರು ಅಂದರೆ, ಟಿವಿಯಲ್ಲೇ ಇದ್ದರು. ನಾವು ಗಮನಿಸಿರಲಿಲ್ಲ ಅಷ್ಟೇ.

ಹುಟ್ಟಿದ್ದು 1956ರಲ್ಲಿ, ಲಾಸ್ ಏಂಜಲೀಸ್ ಕಡೆಯವರು. ಮೊದಲು ಪೊಲೀಸ್ ಆಗಬೇಕು ಅಂತಿದ್ದರು, ಕಾಲೇಜಿನಲ್ಲಿ ಓದಿದ್ದೂ ಅದಕ್ಕೆ ಸಂಬಂಧಪಟ್ಟ ವಿಷಯವನ್ನೇ. ಆಮೇಲೆ 1976ರಲ್ಲಿ ಅಣ್ಣನ ಜೊತೆ ಮೋಟರ್‌ಸೈಕಲ್ ಹತ್ತಿ ಅಮೆರಿಕ ಸುತ್ತೋಕೆ ಹೊರಟರು. ಸಿಕ್ಕ ಸಿಕ್ಕ ಕೆಲಸ ಮಾಡಿಕೊಂಡು ಸುಮಾರು ಎರಡು ವರ್ಷ ಅಲೆದರು. ದಾರಿಯಲ್ಲಿ ಜೋರು ಮಳೆ ಹಿಡಿದು ಒಂದೇ ಕಡೆ ದಿನಗಟ್ಟಲೆ ಕೂರಬೇಕಾಯಿತು, ಆಗ ನಾಟಕಗಳನ್ನು ಓದುತ್ತಾ ಓದುತ್ತಾ ನಟನೇ ಆಗುತ್ತೇನೆ ಅಂತ ತೀರ್ಮಾನ ಮಾಡಿದರಂತೆ. ಇದನ್ನು ಅವರೇ ಎಷ್ಟೋ ಕಡೆ ಹೇಳಿದ್ದಾರೆ.

ಅಲ್ಲಿಂದ ಮುಂದೆ ಕೂಲಿಯವರ ಹಾಗೆ ದುಡಿದಿದ್ದಾರೆ. ಜಾಹೀರಾತು ಮಾಡಿದರು, ಮೂಲವ್ಯಾಧಿ ಮುಲಾಮಿನ ಜಾಹೀರಾತನ್ನೂ ಬಿಡಲಿಲ್ಲ. ಜಪಾನಿ ಕಾರ್ಟೂನುಗಳಿಗೆ ಇಂಗ್ಲಿಷ್ ಡಬ್ಬಿಂಗ್ ಮಾಡಿದರು. ಮಕ್ಕಳ ಧಾರಾವಾಹಿ ಪವರ್ ರೇಂಜರ್ಸ್‌ನ ಒಂದೆರಡು ರಾಕ್ಷಸರ ದನಿ ಇವರದೇ. 1983ರಲ್ಲಿ ಲವಿಂಗ್ ಅನ್ನೋ ಹಗಲು ಹೊತ್ತಿನ ಧಾರಾವಾಹಿಯಲ್ಲಿ ಕಾಯಂ ಪಾತ್ರ ಸಿಕ್ಕಿತು, ಎರಡು ವರ್ಷಕ್ಕೆ ಅದೂ ಕೈಬಿಟ್ಟಿತು. ಮತ್ತೆ ಒಂದೊಂದೇ ಕಂತಿನ ಅತಿಥಿ ಪಾತ್ರಗಳು. ಸೈನ್‌ಫೆಲ್ಡ್ ಅನ್ನೋ ಹಾಸ್ಯ ಧಾರಾವಾಹಿಯ ಹಲ್ಲಿನ ಡಾಕ್ಟರ್ ನೆನಪಿದ್ದಾರಾ? ಅದು ಇವರೇ. 1998ರ ಸೇವಿಂಗ್ ಪ್ರೈವೇಟ್ ರಯಾನ್ ಸಿನಿಮಾದಲ್ಲಿ ಒಂದು ಕೈ ಇಲ್ಲದ ಕರ್ನಲ್ ಬಂದು ಹೋಗುತ್ತಾರಲ್ಲ, ಅದೂ ಇವರೇ.

44ರ ಹತ್ತಿರ ಬಂದಾಗ, 2000ದಲ್ಲಿ, ಮಾಲ್ಕಮ್ ಇನ್ ದ ಮಿಡಲ್ ಅನ್ನೋ ಹಾಸ್ಯ ಧಾರಾವಾಹಿಯಲ್ಲಿ ಅಪ್ಪನ ಪಾತ್ರ ಸಿಕ್ಕಿತು. ಏಳು ಸೀಸನ್, 151 ಕಂತು. ಬ್ರೇಕಿಂಗ್ ಬ್ಯಾಡ್ ಬಂದದ್ದು ಇಷ್ಟೆಲ್ಲ ಆದಮೇಲೆ. ಇದನ್ನು ಲಾಟರಿ ಅನ್ನೋದು ಅನ್ಯಾಯ.

ರಾತ್ರಿಪಾಳಿ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮುಖ್ಯವಾದ ಕೊಂಡಿ ಒಂದು ಬಿಟ್ಟುಹೋಗಿದೆ.

1998ರಲ್ಲಿ ದಿ ಎಕ್ಸ್ ಫೈಲ್ಸ್ ಧಾರಾವಾಹಿಯ 'ಡ್ರೈವ್' ಅನ್ನೋ ಕಂತಿನಲ್ಲಿ ಕ್ರಾನ್ಸ್ಟನ್ ಅತಿಥಿ ನಟ. ತಲೆಯೊಳಗೆ ವಿಪರೀತ ನೋವು, ಕಾರು ಪಶ್ಚಿಮಕ್ಕೆ ಓಡುತ್ತಲೇ ಇರಬೇಕು, ನಿಂತರೆ ಸಾವು. ಆ ಪಾತ್ರದ ಮನುಷ್ಯ ಒಳ್ಳೆಯವನೇನಲ್ಲ, ಯಹೂದಿಗಳ ಬಗ್ಗೆ ವಿಷ ಕಾರುತ್ತಾನೆ. ಆದರೂ ಕೊನೆಗೆ ಅವನಿಗಾಗಿ ನಮ್ಮ ಕರುಳು ಚುರುಕ್ ಅನ್ನುತ್ತೆ. ಆ ಕಂತು ಬರೆದವರು ವಿನ್ಸ್ ಗಿಲಿಗನ್. ಸುಮಾರು ಹತ್ತು ವರ್ಷ ಆದಮೇಲೆ ಬ್ರೇಕಿಂಗ್ ಬ್ಯಾಡ್ ಮಾಡಿದವರೂ ಅವರೇ.

ವಾಲ್ಟರ್ ಪಾತ್ರಕ್ಕೆ ಚಾನೆಲ್‌ನವರಿಗೆ ಕ್ರಾನ್ಸ್ಟನ್ ಬೇಕಿರಲಿಲ್ಲ. ಮಾಲ್ಕಮ್‌ನ ಆ ಪೆದ್ದು ಅಪ್ಪ ಮಾದಕವಸ್ತು ತಯಾರಿಸುವ ಮೇಷ್ಟ್ರಾಗೋದು ಅವರ ಕಲ್ಪನೆಗೇ ಬರಲಿಲ್ಲ. ಗಿಲಿಗನ್ 'ಡ್ರೈವ್' ಕಂತನ್ನು ತೋರಿಸಿದ ಮೇಲೇ ಒಪ್ಪಿದ್ದು. ಕೆಟ್ಟವನನ್ನು ಮಾಡುತ್ತಲೇ ನೋಡುವವರ ಮರುಕ ಗಿಟ್ಟಿಸಬಲ್ಲ ನಟ ಅವರಿಗೆ ಬೇಕಿತ್ತು, ಅದು ಇವರ ಕೈಲಿ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ಆಗಲೇ ತಯಾರಿತ್ತು. ಗಿಲಿಗನ್ ಸಿಕ್ಕಿದ್ದು ಅದೃಷ್ಟ ಅನ್ನಿ, ಒಪ್ಪುತ್ತೇನೆ. ಒಂದೇ ಕಂತಿನ ಪಾತ್ರ ಅಂತ ಅವತ್ತು ಸುಮ್ನೆ ಮಾಡಿ ಮುಗಿಸಿದ್ದರೆ ಹತ್ತು ವರ್ಷ ಬಿಟ್ಟು ತೋರಿಸೋಕೆ ಏನಿರುತ್ತಿತ್ತು?

ಬಣ್ಣದಮನೆ:

ಪಾತ್ರವನ್ನು ಇವರು ಕಟ್ಟುವ ರೀತಿ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ನನಗೆ ಅದೇ ಎಲ್ಲಕ್ಕಿಂತ ಇಷ್ಟ.

ಮಾಲ್ಕಮ್‌ನ ಹ್ಯಾಲ್ ಪಾತ್ರ ಬರಹದಲ್ಲಿ ಬಹಳ ತೆಳುವಾಗಿತ್ತು. ಹೆಂಡತಿ ಲೋಯಿಸ್ ಪಾತ್ರ ಮಾತ್ರ ಗಟ್ಟಿಯಾಗಿ ಬರೆದಿದ್ದರು. ಇವರು ಏನು ಮಾಡಿದರು ಅಂದರೆ, ಲೋಯಿಸ್ ಏನೇನೋ ಅದರ ಉಲ್ಟಾ ಎಲ್ಲ ಹ್ಯಾಲ್‌ಗೆ ಹಾಕಿಕೊಂಡರು. ಅವಳಿಗೆ ಯಾವುದಕ್ಕೂ ಭಯವಿಲ್ಲ, ಇವನಿಗೆ ಎಲ್ಲದಕ್ಕೂ ಭಯ. ಅವಳು ಎಲ್ಲವನ್ನೂ ಗಮನಿಸುತ್ತಾಳೆ, ಇವನು ತನ್ನದೇ ಲೋಕದಲ್ಲಿ ಇರುತ್ತಾನೆ. ಆಮೇಲೆ ಬರೆಯುವವರೂ ಇದನ್ನು ಹಿಡಿದುಕೊಂಡರು. ಒಂದು ಕಂತಿಗಾಗಿ ಮೈತುಂಬ ನಿಜವಾದ ಜೇನುಹುಳುಗಳನ್ನು ಕೂರಿಸಿಕೊಂಡು ನಿಂತಿದ್ದರು.

ವಾಲ್ಟರ್ ವಿಷಯದಲ್ಲೂ ಅಷ್ಟೇ. ಮೈ ಸ್ವಲ್ಪ ಜೋಲಬೇಕು, ಕೂದಲಿನ ಬಣ್ಣ ಸಪ್ಪೆಯಾಗಬೇಕು, ಬಟ್ಟೆ ಗೋಡೆಯ ಬಣ್ಣದಲ್ಲೇ ಕರಗಿಹೋಗಬೇಕು, ಮೀಸೆ ಇದ್ದೂ ಇಲ್ಲದ ಹಾಗೆ ಕಾಣಬೇಕು ಅಂತ ಇವರೇ ಕೂತು ಯೋಚಿಸಿದ್ದು. ಮೊದಲ ಕಂತು ಇನ್ನೊಮ್ಮೆ ನೋಡಿ, ಆ ಮನುಷ್ಯ ಕೋಣೆಯಲ್ಲಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ವಾಲ್ಟರ್‌ನ ಜೊತೆಗಾರನ ಗೆಳತಿ ಜೇನ್ ಸಾಯುವ ದೃಶ್ಯದಲ್ಲಿ ಒಂದು ಕ್ಷಣ ಆ ಹುಡುಗಿಯ ಮುಖದಲ್ಲಿ ಸ್ವಂತ ಮಗಳ ಮುಖ ಕಂಡಿತಂತೆ, ಶಾಟ್ ಮುಗಿದ ಮೇಲೆ ಅತ್ತುಬಿಟ್ಟರಂತೆ.

ಮೊದಲ ಸೀಸನ್ ಬರಹಗಾರರ ಮುಷ್ಕರದಿಂದ ಏಳೇ ಕಂತಿಗೆ ನಿಂತಿತು. ಆ ಏಳು ಕಂತಿಗೇ 2008ರ ಎಮ್ಮಿ, ಅಂದರೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ ಬಂತು. 2009, 2010 ಮತ್ತು 2014ರಲ್ಲೂ ಗೆದ್ದರು. ಮೂರು ಕಂತು ನಿರ್ದೇಶನವನ್ನೂ ಮಾಡಿದ್ದಾರೆ.

ಕಂತುಪ್ರಿಯ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್! 'ಡ್ರೈವ್' ವಿಷಯ ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಪ್ರಶ್ನೆ. ತಮ್ಮ ಆಡಿಷನ್‌ಗೆ ಹೋಗಿ ಬಂದಮೇಲೆ ವಾರಗಟ್ಟಲೆ ಫೋನ್ ನೋಡುತ್ತಾ ಕೂರುತ್ತಾನೆ, ಕರೆ ಬರದಿದ್ದರೆ ಊಟವೂ ಸೇರುವುದಿಲ್ಲ. ಇಷ್ಟು ವರ್ಷ ಇವರು ಅದನ್ನು ಹೇಗೆ ತಡೆದುಕೊಂಡರು?

ಹಳೇಚಾನೆಲ್:

ಅದನ್ನು ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾರೆ, 2016ರಲ್ಲಿ ಬಂತು. ಒಂದು ಹಂತದಲ್ಲಿ ಆಡಿಷನ್ ಬಗ್ಗೆ ಯೋಚಿಸುವ ರೀತಿಯನ್ನೇ ಬದಲಿಸಿಕೊಂಡರು. ಅಲ್ಲಿಗೆ ಹೋಗುವುದು ಕೆಲಸ ಕೇಳೋಕಲ್ಲ, ಕೆಲಸ ಮಾಡೋಕೆ. ಆ ಕೋಣೆಯಲ್ಲಿ ಪಾತ್ರವನ್ನು ಪೂರ್ತಿ ಮನಸ್ಸಿಟ್ಟು ಮಾಡಿ ಬರೋದು, ಹೊರಗೆ ಬಂದಮೇಲೆ ಅದನ್ನು ಅಲ್ಲೇ ಬಿಡೋದು. ಯಾರನ್ನು ಆರಿಸುತ್ತಾರೆ ಅನ್ನೋದು ನಮ್ಮ ಕೈಲಿಲ್ಲ, ಎತ್ತರ, ವಯಸ್ಸು, ಜೊತೆಯ ನಟ ಯಾರು ಅಂತ ನೂರೆಂಟು ಕಾರಣ ಇರುತ್ತೆ. ಹೀಗೆ ಅಂದುಕೊಂಡ ಮೇಲೆ ಮೈ ಹಗುರವಾಯಿತು, ಪಾತ್ರಗಳೂ ಜಾಸ್ತಿ ಬಂದವು ಅಂತಾರೆ.

ಪರದೆಹಿಂದೆ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕ್ರಾನ್ಸ್ಟನ್ ಅವರ ತಂದೆಯೂ ನಟರೇ. ಸ್ಟಾರ್ ಆಗಲೇಬೇಕು ಅನ್ನೋ ಹಟ ಅವರಿಗಿತ್ತು, ಆಗಲಿಲ್ಲ, ಮಗನಿಗೆ ಹನ್ನೊಂದು ವರ್ಷ ಇದ್ದಾಗ ಮನೆ ಬಿಟ್ಟು ಹೋದರು. ಸಂಸಾರ ಚೂರಾಯಿತು, ಮಕ್ಕಳು ಅಜ್ಜ ಅಜ್ಜಿಯ ಹತ್ತಿರ ಇರಬೇಕಾಯಿತು. ಅದನ್ನೆಲ್ಲ ಕಣ್ಣಾರೆ ಕಂಡ ಮಗ ಸ್ಟಾರ್ ಆಗಬೇಕು ಅಂತ ಹೊರಡಲಿಲ್ಲ. ನಟನೆಯಿಂದಲೇ ಬದುಕು ಸಾಗಬೇಕು, ಬೇರೆ ಕೆಲಸಕ್ಕೆ ಹೋಗುವಂತಾಗಬಾರದು ಅನ್ನೋದಷ್ಟೇ ಗುರಿ. 25ರ ವಯಸ್ಸಿಗೆಲ್ಲ ಅದು ಕೈಗೂಡಿತ್ತು ಅಂತ ಅವರೇ ಹೇಳುತ್ತಾರೆ. ಅಂದರೆ ವಾಲ್ಟರ್ ವೈಟ್ ಬಾರದೇ ಹೋಗಿದ್ದರೂ ಅವರು ಸೋತ ನಟ ಆಗುತ್ತಿರಲಿಲ್ಲ.

ಅದಕ್ಕೇ ಮನೆಯವರು "ಎಷ್ಟು ದಿನ" ಅಂತ ಕೇಳಿದಾಗ ಕ್ರಾನ್ಸ್ಟನ್ ಹೆಸರು ಹೇಳಿ ಬಾಯಿ ಮುಚ್ಚಿಸಬೇಡಿ. ಇಷ್ಟೇ ದುಡಿದು ಯಾರಿಗೂ ಗೊತ್ತಾಗದೇ ಉಳಿದ ನಟರು ಎಷ್ಟೋ ಜನ ಇದ್ದಾರೆ. ತಮ್ಮನ ಹತ್ತಿರ ಕೂತು ಮಾತಾಡಿ. ಹೋದ ವರ್ಷಕ್ಕಿಂತ ಈ ವರ್ಷ ಕೆಲಸ ಹೆಚ್ಚು ಸಿಗುತ್ತಿದೆಯಾ, ಒಮ್ಮೆ ಕರೆದವರು ಇನ್ನೊಮ್ಮೆ ಕರೆಯುತ್ತಿದ್ದಾರಾ, ಡಬ್ಬಿಂಗ್, ಜಾಹೀರಾತು ಸಿಕ್ಕರೆ ಮನಸಾರೆ ಮಾಡುತ್ತಾನಾ? ಇದಕ್ಕೆಲ್ಲ ಹೌದು ಅಂದರೆ ಮನೆಯವರಿಗೆ ಹೇಳೋಕೆ ನಿಮ್ಮ ಹತ್ತಿರ ಮಾತಿರುತ್ತೆ.