ಕೊನೆಗೆ ಉಳಿದ ‘ಬೋ’

(ಮನೆಯವರ ವಾಟ್ಸಾಪ್ ಗುಂಪು, ಶನಿವಾರ ರಾತ್ರಿ 9.40)

ಮೇಘಾ: [ಸ್ಕ್ರೀನ್‌ಶಾಟ್: ಅಡಗಿಸಿಟ್ಟ ವಸ್ತು ಹುಡುಕುವ ಆಟದ ಒಂದು ದೃಶ್ಯ, ಹಾಳುಬಿದ್ದ ಮಹಡಿಮನೆಯ ಸಂಗೀತದ ಕೋಣೆ. ಕೆಳಗಿನ ಪಟ್ಟಿಯ 12 ಹೆಸರಲ್ಲಿ 11ಕ್ಕೆ ಗೀಟು ಬಿದ್ದಿದೆ. ಉಳಿದಿದ್ದು ‘ಬೋ’ ಒಂದೇ.]

ಮೇಘಾ: ಇದರಲ್ಲಿ ಬೋ ಎಲ್ಲಿದೆ, ಯಾರಾದ್ರೂ ತೋರಿಸಿ. ರಿಬ್ಬನ್ ಗಂಟು ಎಲ್ಲೂ ಇಲ್ಲ. ಇಂಥ ಆಟಕ್ಕೆ ಜನ ಐದು ಸ್ಟಾರ್ ಯಾಕೆ ಕೊಡ್ತಾರೋ!

ಸುಮಕ್ಕ: ರಿಬ್ಬನ್ನೇ ಅಂತ ಯಾಕೆ ಅಂದ್ಕೊಂಡೆ? ಬೋ ಅಂದ್ರೆ ರಿಬ್ಬನ್ ಗಂಟೂ ಹೌದು, ಬಿಲ್ಲೂ ಹೌದು, ಪಿಟೀಲಿನ ಕಮಾನೂ ಹೌದು. ಸಂಗೀತದ ಕೋಣೆ ಅಂದ್ಮೇಲೆ ಮೊದಲು ಕಮಾನನ್ನ ಹುಡುಕ್ಬೇಕು. ಕಿಟಕಿ ಪರದೆ ನೇತುಹಾಕಿರೋ ಕೋಲನ್ನ ದೊಡ್ಡದು ಮಾಡಿ ನೋಡು.

ಮೇಘಾ: ಅಲ್ಲಿ ಕೋಲು ಒಂದೇ ಇರೋದು ಅಕ್ಕ.

ಪ್ರವೀಣ: ಎರಡಿವೆ. ಬಲತುದಿಯಲ್ಲಿ ಕೋಲಿನ ಕೆಳಗೆ ಒಂದು ತೆಳು ಬಿಳಿ ಗೆರೆ ಇದೆ ನೋಡು. ಅದು ಕಮಾನಿಗೆ ಕಟ್ಟಿರೋ ಕುದುರೆಬಾಲದ ಕೂದಲು. ಮರದ ಭಾಗ ಪರದೆ ಕೋಲಿಗೆ ಅಂಟ್ಕೊಂಡಿದೆ, ಎರಡಕ್ಕೂ ಒಂದೇ ಕಂದು ಬಣ್ಣ.

ಮೇಘಾ: ಸಿಕ್ತು. ಆದ್ರೂ ಇದು ಮೋಸಾನೇ.

ಸುಮಕ್ಕ: ಮೋಸ ಅಲ್ಲ ಕಣೇ. ಅಡಗಿಸಿಟ್ಟ ವಸ್ತು ಹುಡುಕೋ ಆಟದಲ್ಲಿ ವಸ್ತು ಅಡಗಿರಬೇಕು ತಾನೇ?

ಪ್ರವೀಣ: ಸುಮಕ್ಕ, ನಾನು ಅರ್ಧ ಮೇಘಾ ಕಡೆ. ಅಡಗಿಸೋದ್ರಲ್ಲಿ ಎರಡು ಬಗೆ ಇದೆ. ಮರದ ಬೊಡ್ಡೆಗೆ ಒರಗಿಸಿದ ಮಡಚಿದ ಕೊಡೆ, ಮೆಟ್ಟಿಲಿನ ಕಟಕಟೆಗೆ ಸುತ್ತಿಕೊಂಡ ಹಾವು, ಕುರ್ಚಿ ಕಾಲಿನ ಪಕ್ಕ ನೆಟ್ಟಗೆ ನಿಂತ ಕೊಳಲು, ಇದೆಲ್ಲ ಒಳ್ಳೆ ಕೆಲಸ. ವಸ್ತುವಿನ ಅಂಚು ಪೂರ್ತಿ ಇರುತ್ತೆ, ನೆರಳು ಬೀಳಬೇಕಾದ ಕಡೆ ಬಿದ್ದಿರುತ್ತೆ, ಅಲ್ಲಿ ಮೋಸಹೋಗೋದು ನಮ್ಮ ಕಣ್ಣು. ಇನ್ನೊಂದು ಬಗೆಯಲ್ಲಿ ವಸ್ತುವನ್ನೇ ಅರೆಪಾರದರ್ಶಕ ಮಾಡಿ, ಗೋಡೆ ಕಾಗದದ ಹೂವಿನ ಮಧ್ಯೆ ಕತ್ತರಿಯೊಂದನ್ನ ಮಸುಕಾಗಿ ಬಳಿದುಬಿಡ್ತಾರೆ. ಅಲ್ಲಿ ನೋಡೋದಕ್ಕೇ ಏನೂ ಇರಲ್ಲ, ಸ್ಕ್ರೀನ್ ತುಂಬ ಕುಟ್ಟಿ ಕುಟ್ಟಿ ನೋಡಬೇಕು ಅಷ್ಟೇ. ಸಾಲಾಗಿ ನಾಲ್ಕೈದು ಸಲ ತಪ್ಪು ಜಾಗ ಒತ್ತಿದ್ರೆ ಕೆಲವು ಆಟ ಕರ್ಸರನ್ನೇ ಸ್ವಲ್ಪ ಹೊತ್ತು ಕಟ್ಟಿಹಾಕುತ್ತೆ, ಆ ಶಿಕ್ಷೆ ಬೇರೆ. ಈ ಕಮಾನಿನ ವಿಷಯದಲ್ಲಿ ಇಟ್ಟ ಜಾಗ ಚೆನ್ನಾಗಿದೆ, ನೆರಳು ಬಿಡಿಸದೇ ಇರೋದು ತಪ್ಪು.

ಸುಮಕ್ಕ: ಒಪ್ಪಿದೆ. ಆದ್ರೆ ಮೇಘಾ, ನಿನ್ನ ಫೋನಲ್ಲಿ ರಾತ್ರಿ ಹೊತ್ತು ಪರದೆ ಹಳದಿ ಆಗೋ ಸೆಟ್ಟಿಂಗ್ ಆನ್ ಇದೆಯಾ?

ಮೇಘಾ: ಹೌದು, 9 ಗಂಟೆಗೆ ತಾನಾಗೇ ಆನ್ ಆಗುತ್ತೆ.

ಸುಮಕ್ಕ: ಅದೇ ನೋಡು! ಆ ಹಳದಿ ಸ್ಕ್ರೀನ್‌ಶಾಟಿನಲ್ಲಿ ಬರಲ್ಲ. ನಮಗೆ ಬಿಳಿ ಗೆರೆ ಕಂಡಿದ್ದು ಅದಕ್ಕೆ, ನಿನಗೆ ಅದು ಕಂದಿನಲ್ಲೇ ಕರಗಿಹೋಗಿದ್ದೂ ಅದಕ್ಕೆ. ಹಳದಿ ಬೆಳಕಲ್ಲಿ ದಂತ, ಹಿತ್ತಾಳೆ, ಒಣ ಎಲೆ, ಹಳೇ ಕಾಗದ ಎಲ್ಲಾ ಒಂದೇ ಬಣ್ಣ ಕಾಣುತ್ತೆ. ದೆವ್ವದ ಆಟದ ಕೋಣೆ ತುಂಬ ಇರೋದೇ ಆ ಬಣ್ಣಗಳು. ಅದನ್ನ ಆಫ್ ಮಾಡು, ಬೆಳಕು ಮುಕ್ಕಾಲಿಗೆ ಇಡು. ಪೂರ್ತಿ ಏರಿಸಿದ್ರೆ ಕಪ್ಪು ಮೂಲೆಗಳು ಬೂದು ಬಣ್ಣ ಆಗ್ತವೆ, ಆಗ ಹೆದರಿಕೇನೂ ಇಲ್ಲ, ಹುಡುಕಾಟಕ್ಕೂ ಲಾಭ ಇಲ್ಲ.

ರಮೇಶ ಮಾವ: ಇಷ್ಟೆಲ್ಲ ಕಷ್ಟ ಯಾಕೆ? ಇಂಥ ಆಟಗಳಲ್ಲಿ ಹುಡುಕಾಟ ಬರೀ ಜಾಗ ತುಂಬೋ ಸರಕು. ಅಸಲು ಇರೋದು ಒಗಟಿನಲ್ಲಿ. ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿ ಕಂಪನಿಯವರ ನೈಟ್‌ಮೇರ್ಸ್ ಫ್ರಮ್ ದಿ ಡೀಪ್ ಸರಣಿ ನೋಡಿ. ಅದರ ಕೆಲವು ಆಟಗಳಲ್ಲಿ ಹುಡುಕೋದು ಬೇಡ ಅಂದ್ರೆ ಬದಲಿಗೆ ಮಹ್‌ಜಾಂಗ್ (ಒಂದೇ ಥರದ ಬಿಲ್ಲೆಗಳನ್ನ ಜೋಡಿ ಮಾಡೋ ಆಟ) ಆಡಿ ಮುಂದೆ ಹೋಗಬಹುದು. ಮಾಡಿದವರೇ ಬೇಡದವರಿಗೆ ದಾರಿ ಬಿಟ್ಟಿದ್ದಾರೆ.

ಸುಮಕ್ಕ: ಮಾವ, ಮಹ್‌ಜಾಂಗ್ ಆಡಿ ಮುಂದೆ ಹೋದ್ರೆ ಆ ಕೋಣೆ ನೋಡಿದ ಹಾಗೆ ಆಗಲ್ಲ. ಬಿಗ್ ಫಿಶ್ ಕಂಪನಿಯವರ ಮಿಸ್ಟರಿ ಕೇಸ್ ಫೈಲ್ಸ್ ಸರಣಿಯಲ್ಲಿ 2006ರ ರೇವನ್‌ಹರ್ಸ್ಟ್ ತಗೊಳ್ಳಿ. ಎಮಾ ಅನ್ನೋ ಹೆಂಗಸು, ಅವಳು ಮದುವೆಗೆ ಒಲ್ಲೆ ಅಂದ ಚಾರ್ಲ್ಸ್ ಡಾಲಿಮಾರ್. ಕೋಣೆಗಳಲ್ಲಿ ಹುಡುಕ್ತಾ ಹೋದ ಹಾಗೆ ಅವಳ ದಿನಚರಿಯ ಹಾಳೆಗಳು ಒಂದೊಂದೇ ಸಿಗ್ತಾ ಹೋಗ್ತವೆ. ಆ ಮನೆಯ ಸಾಮಾನಿನ ಮೇಲೆ ಅಷ್ಟು ಹೊತ್ತು ಕಣ್ಣಾಡಿಸಿ ಆಮೇಲೆ ಹಾಳೆ ಓದೋದಕ್ಕೂ, ಸುಮ್ನೆ ಹಾಳೆ ಓದೋದಕ್ಕೂ ವ್ಯತ್ಯಾಸ ಇದೆ. ನಿಧಾನವಾಗಿ ನೋಡಿದ್ದಕ್ಕೇ ಭಯ ಹುಟ್ಟೋದು.

ರಮೇಶ ಮಾವ: ಆ ಆಟದಲ್ಲಿ ಜನ ಇವತ್ತಿಗೂ ನೆನೆಯೋದು ಬಾಗಿಲುಗಳನ್ನ ಕಣಮ್ಮ. ಬಾಗಿಲಿಗೇ ಕಟ್ಟಿದ ದೊಡ್ಡ ಯಂತ್ರ, ಒಂದು ಸನ್ನೆಕೋಲು ಎಳೆದ್ರೆ ಇನ್ನೊಂದು ಉರುಳಬೇಕು, ಅದು ಮೂರನೇದನ್ನ ತಳ್ಳಬೇಕು. ಮುಂದೆ 2008ರ ರಿಟರ್ನ್ ಟು ರೇವನ್‌ಹರ್ಸ್ಟ್‌ನಲ್ಲಿ ಕೋಣೆಯಿಂದ ಕೋಣೆಗೆ ಓಡಾಡಿ, ಒಂದು ಕಡೆ ಸಿಕ್ಕಿದ್ದನ್ನ ಇನ್ನೊಂದು ಕಡೆ ಬಳಸೋ ಹಾಗೆ ಮಾಡಿದ್ರಲ್ಲ, ಆಮೇಲೆ ಎಲ್ಲರೂ ಅದೇ ದಾರಿ ಹಿಡಿದ್ರು. ಪಟ್ಟಿ ಒಂದೇ ಸಾಕಾಗಿದ್ರೆ ಆ ಬದಲಾವಣೆ ಯಾಕೆ ಬೇಕಿತ್ತು?

ಪ್ರವೀಣ: ಮಾವ, ಪಟ್ಟಿಯನ್ನ ಅವರು ಬಿಡಲಿಲ್ಲ, ಕಥೆಗೆ ಕಟ್ಟಿದ್ರು. ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿರೋ ಹೆಸರು ನೋಡಿ. ಅದನ್ನ ನೇರವಾಗಿ ಒತ್ತೋ ಹಾಗಿಲ್ಲ, ಮೊದಲು ಏನಾದ್ರೂ ಮಾಡಬೇಕು. ‘ಹಚ್ಚಿದ ಮೇಣದ ಬತ್ತಿ’ ಅಂತಿದ್ರೆ ಬತ್ತಿ ಹುಡುಕಿ, ಬೆಂಕಿಪೊಟ್ಟಣ ಎಳೆದು ಅದಕ್ಕೆ ತಾಗಿಸಬೇಕು. ಹೊಸಬರು ಇಲ್ಲಿ ಸಿಕ್ಕಿಬೀಳ್ತಾರೆ. ಹಚ್ಚಿದ ಬತ್ತಿನೇ ಎಲ್ಲೋ ಇದೆ ಅಂತ ಹುಡುಕ್ತಾ ಸುಳಿವಿನ ಬಟನ್ ಎಲ್ಲಾ ಖಾಲಿ ಮಾಡ್ತಾರೆ.

ಲಲಿತತ್ತೆ: ನೀವೆಲ್ಲ ಒಂದು ಮಾತು ಮರೀತಿದ್ದೀರಿ. ಪಟ್ಟಿ ಇರೋದು ಇಂಗ್ಲಿಷಲ್ಲಿ. ಬ್ಯಾಟ್ ಅಂದ್ರೆ ಬಾವಲೀನೋ ಆಡೋ ಬ್ಯಾಟೋ, ನೇಲ್ ಅಂದ್ರೆ ಮೊಳೇನೋ ಉಗುರೋ, ಕ್ರೇನ್ ಅಂದ್ರೆ ಕೊಕ್ಕರೇನೋ ಯಂತ್ರಾನೋ? ಹೊಲಿಯುವಾಗ ಬೆರಳಿಗೆ ಹಾಕೋ ಥಿಂಬಲ್, ಓಕ್ ಮರದ ಕಾಯಿ ಏಕಾರ್ನ್ ಅಂತೆಲ್ಲ ಬರುತ್ತೆ, ನಮ್ಮ ಕಡೆ ಆ ಕಾಯಿ ನೋಡಿದವರು ಯಾರಿದ್ದಾರೆ? ಕಣ್ಣು ಚುರುಕಾಗಿದ್ರೂ ಪದ ಗೊತ್ತಿಲ್ಲದೆ ಸೋಲೋದು ಯಾವ ನ್ಯಾಯ?

ಪ್ರವೀಣ: ಅತ್ತೆ, ನೂರಕ್ಕೆ ನೂರು ನಿಜ.

ಸುಮಕ್ಕ: ಅತ್ತೆ, ನಿಮಗೆ ಪಟ್ಟಿಯ ಬದಲು ನೆರಳುಚಿತ್ರ ಕೊಡೋ ಆಟ ಸರಿಹೋಗುತ್ತೆ. ಕೆಳಗೆ ಕಪ್ಪು ಆಕಾರ ಇರುತ್ತೆ, ಅದನ್ನ ಮೇಲೆ ಹುಡುಕೋದು. ಇಲ್ಲಾಂದ್ರೆ 2011ರ ಎಸ್ಕೇಪ್ ಫ್ರಮ್ ರೇವನ್‌ಹರ್ಸ್ಟ್. ಅದರಲ್ಲಿ ಹೆಸರಿನ ಪಟ್ಟೀನೇ ತೆಗೆದುಹಾಕಿದ್ರು. ದೃಶ್ಯದಲ್ಲಿ ಕೆಲವು ವಸ್ತು ನಿಧಾನವಾಗಿ ಬೇರೆ ರೂಪಕ್ಕೆ ತಿರುಗಿ ಮತ್ತೆ ಹಳೇ ರೂಪಕ್ಕೆ ಬರ್ತವೆ, ಆ ಬದಲಾವಣೆಯನ್ನ ಕಣ್ಣಲ್ಲಿ ಹಿಡಿಯಬೇಕು. ಕಥೆಯ ಮಾತು ಇಂಗ್ಲಿಷೇ, ಹುಡುಕೋದಕ್ಕೆ ಮಾತ್ರ ಪದ ಬೇಡ.

ರಮೇಶ ಮಾವ: ಅತ್ತಿಗೆಗೆ ಅದನ್ನ ಹೇಳಬೇಡ! ಸರಣಿಯ ಹಳೇ ಅಭಿಮಾನಿಗಳೇ ಬೇಜಾರಾಗಿದ್ದು ಆ ಆಟದಲ್ಲಿ. ಪಟ್ಟಿ ಇದ್ದಾಗ ನಾವು ಹುಡುಕ್ತೀವಿ. ಅಲ್ಲಿ ವಸ್ತು ತಾನಾಗಿ ಬದಲಾಗೋ ತನಕ ಸುಮ್ನೆ ಕೂತ್ಕೊಂಡು ಕಾಯಬೇಕು.

ಸುಮಕ್ಕ: ಕಾಯೋ ರೀತಿ ಗೊತ್ತಿದ್ರೆ ಬೇಜಾರಾಗಲ್ಲ ಮಾವ. ಕಣ್ಣನ್ನ ಎಲ್ಲಾ ಕಡೆ ಓಡಿಸಬಾರದು. ಪರದೆಯನ್ನ ಮನಸ್ಸಲ್ಲೇ ನಾಲ್ಕು ಭಾಗ ಮಾಡಿ, ಒಂದು ಭಾಗದ ನಡುವೆ ದೃಷ್ಟಿ ನಿಲ್ಲಿಸಿ, ಸ್ವಲ್ಪ ಹಿಂದೆ ಒರಗಿ ಕೂರಬೇಕು. ನೇರ ನೋಟಕ್ಕೆ ಬೀಳದ ಚಲನೆ ಕಣ್ಣಂಚಿಗೆ ಬೀಳುತ್ತೆ. ಅಲ್ಲಿ ಏನೂ ಕದಲಲಿಲ್ಲ ಅಂತ ಖಾತ್ರಿ ಆದ್ಮೇಲೆ ಮುಂದಿನ ಭಾಗ. ಉರಿಯೋ ದೀಪ, ಹೊಗೆ, ಅಲ್ಲಾಡೋ ಕಿಟಕಿ ಪರದೆ ದಾರಿ ತಪ್ಪಿಸ್ತವೆ, ಅವನ್ನ ಮೊದಲೇ ಗುರುತು ಮಾಡ್ಕೊಂಡು ಲೆಕ್ಕದಿಂದ ಬಿಡಬೇಕು.

ಪ್ರವೀಣ: ಲ್ಯಾಪ್‌ಟಾಪನ್ನ ಚಾರ್ಜರಿಗೆ ಹಾಕಿ ಆಡಿ ಅತ್ತೆ. ಬ್ಯಾಟರಿ ಉಳಿಸೋ ಮೋಡಿನಲ್ಲಿ ಪರದೆ ಮಂಕಾಗುತ್ತೆ, ಮಂಕು ಪರದೆಯಲ್ಲಿ ಇಂಥ ಬದಲಾವಣೆ ಕಾಣೋದು ಕಷ್ಟ. ಹಳೇ ಆಟಗಳ ಇನ್ನೊಂದು ತೊಂದರೆ, ಅವು ಚೌಕಕ್ಕೆ ಹತ್ತಿರದ 4:3 ಪರದೆಗೆ ಮಾಡಿದವು. ಈಗಿನ ಅಗಲ ಪರದೆಗೆ ಎಳೆದ್ರೆ ಗಡಿಯಾರ ಮೊಟ್ಟೆ ಆಕಾರಕ್ಕೆ ಬರುತ್ತೆ, ನಾಣ್ಯ ಗುಂಡಿಯ ಹಾಗೆ ಕಾಣುತ್ತೆ. ಆಯ್ಕೆಗಳಲ್ಲಿ ಅಗಲ ಪರದೆ ಅಂತ ಇದ್ರೆ ಅದರ ಟಿಕ್ ತೆಗೀರಿ. ಎರಡೂ ಪಕ್ಕ ಕಪ್ಪು ಪಟ್ಟಿ ಬಂದ್ರೆ ಬರಲಿ, ಆಕಾರ ಸರಿಯಾಗಿರುತ್ತೆ.

ಮೇಘಾ: ಆಟದ ಮೋಡ್, ಅಂದ್ರೆ ಕಷ್ಟದ ಮಟ್ಟ, ಯಾವುದು ಇಡಬೇಕು? ಸುಮಕ್ಕ ಯಾವಾಗಲೂ ಎಕ್ಸ್‌ಪರ್ಟ್ ಅಂತಾಳೆ.

ಸುಮಕ್ಕ: ಎಕ್ಸ್‌ಪರ್ಟೇ. ಸುಲಭದ ಮೋಡ್ ಕ್ಯಾಶುಯಲ್‌ನಲ್ಲಿ ಮುಟ್ಟಬೇಕಾದ ಜಾಗ ಎಲ್ಲಾ ಮಿನುಗ್ತಾ ಇರುತ್ತೆ. ಕತ್ತಲ ಕೋಣೆಗೆ ಕಾಲಿಟ್ಟ ತಕ್ಷಣ ಅಲ್ಲೊಂದು ಇಲ್ಲೊಂದು ಮಿಂಚು ಹೊಳೆದ್ರೆ ಹೆದರಿಕೆ ಎಲ್ಲಿಂದ ಬರಬೇಕು?

ರಮೇಶ ಮಾವ: ಎಕ್ಸ್‌ಪರ್ಟಿನಲ್ಲಿ ಮಿನುಗು ಒಂದೇ ಹೋಗಲ್ಲ. ನಕ್ಷೆಯಲ್ಲಿ ಎಲ್ಲಿ ಕೆಲಸ ಬಾಕಿ ಇದೆ ಅನ್ನೋ ಗುರುತೂ ಹೋಗುತ್ತೆ. ಕೈಯಲ್ಲಿ ತುಕ್ಕು ಹಿಡಿದ ಸನ್ನೆಕೋಲು ಇಟ್ಕೊಂಡು 15 ಕೋಣೆ ಸುತ್ತೋದು ಬುದ್ಧಿಗೆ ಕೆಲಸ ಅಲ್ಲ, ಕಾಲಿಗೆ ಕೆಲಸ.

ಪ್ರವೀಣ: ಇದಕ್ಕೆ ಜಗಳ ಬೇಡ. ಹೊಸ ಆಟಗಳಲ್ಲಿ ನಾವೇ ಹೊಂದಿಸ್ಕೊಳ್ಳೋ ಕಸ್ಟಮ್ ಅಂತ ಇನ್ನೊಂದು ಆಯ್ಕೆ ಇರುತ್ತೆ. ಮಿನುಗು ಆಫ್, ನಕ್ಷೆ ಗುರುತು ಆನ್, ತಪ್ಪು ಒತ್ತಿದ್ದಕ್ಕೆ ಶಿಕ್ಷೆ ಆಫ್, ಸುಳಿವು ಮತ್ತೆ ತುಂಬೋ ಸಮಯ ಸುಮಾರು 1 ನಿಮಿಷ. ಭಯವೂ ಉಳಿಯುತ್ತೆ, ಅಲೆದಾಟವೂ ತಪ್ಪುತ್ತೆ.

ಸುಮಕ್ಕ: ಶಿಕ್ಷೆ ಆನ್ ಇರಲಿ. ಇಲ್ಲದಿದ್ರೆ ಮೇಘಾ ಪರದೆ ತುಂಬ ಕುಟ್ಟಿಬಿಡ್ತಾಳೆ.

ರಮೇಶ ಮಾವ: ಮಸುಕು ಕತ್ತರಿ ಬಳಿದಿರೋ ಆಟದಲ್ಲಿ ಕುಟ್ಟದೆ ಬೇರೆ ದಾರಿ ಇಲ್ಲ ಅಂತ ಪ್ರವೀಣ ಈಗ ತಾನೇ ಹೇಳಿದ. ಅಂಥ ಆಟಕ್ಕೆ ಶಿಕ್ಷೆ ಆಫ್, ಚಿತ್ರ ಚೆನ್ನಾಗಿರೋದಕ್ಕೆ ಆನ್. ನಾನು ಇದಕ್ಕಿಂತ ಮುಂದೆ ಬರಲ್ಲ.

ಸುಮಕ್ಕ: ಆಯ್ತು ಮಾವ, ಅದನ್ನ ಒಪ್ತೀನಿ. ಮಹ್‌ಜಾಂಗ್ ಮಾತ್ರ ಒಪ್ಪಲ್ಲ.

ಲಲಿತತ್ತೆ: ಸದ್ದಿನದ್ದು ಹೇಳು ಸುಮಾ. ಸಂಗೀತ ಜೋರಾದ್ರೆ ತಲೆ ನೋಯುತ್ತೆ.

ಸುಮಕ್ಕ: ಸಂಗೀತ, ಸದ್ದು, ಪರಿಸರದ ಶಬ್ದ ಮೂರಕ್ಕೂ ಸೆಟ್ಟಿಂಗಿನಲ್ಲಿ ಹೆಚ್ಚು ಕಡಿಮೆ ಮಾಡೋ ಬೇರೆ ಬೇರೆ ಗೆರೆ ಇರುತ್ತೆ ಅತ್ತೆ. ಸಂಗೀತ ಕಾಲುಭಾಗಕ್ಕೆ ಇಳಿಸಿ, ಪರಿಸರದ್ದು ಪೂರ್ತಿ ಇಡಿ. ಗಾಳಿ, ಮರದ ನೆಲದ ಕಿರುಗುಟ್ಟು, ದೂರದ ಬಾಗಿಲು ಇವೆಲ್ಲ ಬರೋದು ಅದರಲ್ಲೇ. ಬಿಗ್ ಫಿಶ್‌ನವರ ಆಟ ಕಂಪ್ಯೂಟರಿಗೆ ಇಳಿಸಿಕೊಂಡ್ರೆ ಮೊದಲ 1 ಗಂಟೆ ಪುಕ್ಕಟೆ. ಅಷ್ಟರಲ್ಲಿ ರೂಪ ಬದಲಿಸೋ ದೃಶ್ಯ ನಿಮ್ಮ ಕಣ್ಣಿಗೆ ಒಗ್ಗುತ್ತಾ ನೋಡಿ, ಆಮೇಲೆ ದುಡ್ಡು ಕೊಡಿ.

ಲಲಿತತ್ತೆ: ಮೇಘಾ, ನಾಳೆ ಬರುವಾಗ ನಿನ್ನ ಲ್ಯಾಪ್‌ಟಾಪ್ ಚಾರ್ಜರೂ ತಗೊಂಡು ಬಾ.