ವೀಲ್‌ಚೇರಿನ ಮಗನೊಂದಿಗೆ ವಂಡರ್‌ಲಾಗೆ ಒಂದು ದಿನ: ಅನುಭವವಿದ್ದವರು ತಿಳಿಸಿ

ರಾಜಾಜಿನಗರದ ತಾಯಿ: ನನ್ನ ಮಗನಿಗೆ ಒಂಬತ್ತು ವರ್ಷ, ಎರಡೂ ಕಾಲುಗಳ ಸ್ನಾಯುಗಳು ಬಿಗಿದುಕೊಳ್ಳುವ ಸ್ಪಾಸ್ಟಿಕ್ ಡೈಪ್ಲೀಜಿಯಾ ಇದೆ. ಮನೆಯೊಳಗೆ ಎಎಫ್‌ಓ (ಪಾದ, ಕಣಕಾಲುಗಳಿಗೆ ಆಸರೆ ಕೊಡುವ ಸಾಧನ) ಹಾಕಿಕೊಂಡು ವಾಕರ್ ಹಿಡಿದು ನಡೆಯುತ್ತಾನೆ. ಹೊರಗೆ ವೀಲ್‌ಚೇರ್ ಬೇಕು. ತರಗತಿಯವರೆಲ್ಲ ಹೋಗಿ ಬಂದ ಬಿಡದಿಯ ವಂಡರ್‌ಲಾಗೆ ತಾನೂ ಹೋಗಬೇಕೆಂದು, ಅದರಲ್ಲೂ ನೀರಾಟ ಆಡಬೇಕೆಂದು ಹಟ ಹಿಡಿದಿದ್ದಾನೆ. ಡಿಸೆಂಬರ್ ತಿಂಗಳಲ್ಲಿ ನಾನು ಮತ್ತು ನನ್ನ ತಮ್ಮ ಇಬ್ಬರೇ ಕರೆದೊಯ್ಯುತ್ತೇವೆ. ವಾರದ ಯಾವ ದಿನ ಒಳ್ಳೆಯದು, ಚಲ್ಲಘಟ್ಟದವರೆಗೆ ಮೆಟ್ರೋದಲ್ಲಿ ಹೋಗಿ ಅಲ್ಲಿಂದ ಕಾರು ಮಾಡಬಹುದೇ, ದಯವಿಟ್ಟು ತಿಳಿಸಿ.

ಜಯನಗರದ ತಂದೆ: ನಾವು ಹೋದದ್ದು ವಂಡರ್‌ಲಾಗಲ್ಲ, ಹೊರರಾಜ್ಯದ ಇನ್ನೊಂದು ಪಾರ್ಕಿಗೆ, ಹೆಸರು ಬೇಡ. ಮಗಳಿಗೆ ಆಗ ಹನ್ನೊಂದು ವರ್ಷ, ತೂಕ ಇಪ್ಪತ್ತೆಂಟು ಕಿಲೋ. ಆ ಇಪ್ಪತ್ತೆಂಟು ಕಿಲೋವನ್ನು ಆ ದಿನ ಎಷ್ಟು ಬಾರಿ ಎತ್ತಿ ಇಳಿಸಿದೆನೆಂಬುದು ನನ್ನ ಸೊಂಟಕ್ಕೆ ಇಂದಿಗೂ ನೆನಪಿದೆ. ಕಾರಿಗೆ ₹6,400 ಆಯಿತು. ನೀರಿನಲ್ಲಿ ನೆನೆದು ಒಳಗಿನ ಫೋಮ್ ಕಿತ್ತುಬಂದ ಎಎಫ್‌ಓ ಜೋಡಿಯನ್ನು ಹೊಸದಾಗಿ ಮಾಡಿಸಲು ₹11,500, ಜಲ್ಲಿಯಲ್ಲಿ ಸಿಕ್ಕಿ ಮುರಿದ, ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರವನ್ನು ಹಿಡಿದಿಡುವ ಫೋರ್ಕಿಗೆ ₹1,850, ಆಮೇಲೆ ನನ್ನ ಫಿಸಿಯೋಥೆರಪಿಗೆ ₹4,200. ಇಷ್ಟೆಲ್ಲ ಆಗಿ ಅವಳು ಕುಳಿತದ್ದು ಎರಡೇ ಆಟದಲ್ಲಿ. ಮೂರನೆಯದಕ್ಕೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಮೆಟ್ಟಿಲ ತುದಿ ಮುಟ್ಟಿದ ಮೇಲೆ, ತಾವಾಗಿ ನಡೆದು ಹತ್ತುವವರಿಗೆ ಮಾತ್ರ ಎಂದು ತಡೆದರು. ನಾನು ಜಗಳವಾಡಲಿಲ್ಲ.

ಮಲ್ಲೇಶ್ವರದ ಅಜ್ಜಿ: ಆಟಗಳ ವಿಷಯ ಆಮೇಲೆ ಇರಲಿ, ಮೊದಲು ಶೌಚಾಲಯವನ್ನು ನೋಡಿಕೊಳ್ಳಿ. ನನ್ನ ಮೊಮ್ಮಗನಿಗೆ ಸ್ಪೈನಾ ಬೈಫಿಡಾ, ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ. ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರ ತೆಗೆಯಲು ಕ್ಯಾಥೆಟರ್ ನಳಿಕೆ ಹಾಕಲೇಬೇಕು. ನಾವು ಹೋದ ಪಾರ್ಕಿನಲ್ಲಿ ವೀಲ್‌ಚೇರ್ ಚಿತ್ರ ಬರೆದ ಬಾಗಿಲೇನೋ ಇತ್ತು, ಒಳಗೆ ಪೊರಕೆ, ಬಕೆಟ್ಟು, ಮುರಿದ ಕುರ್ಚಿ ತುಂಬಿದ್ದವು. ಹತ್ತು ವರ್ಷದ ಹುಡುಗನನ್ನು ಮಲಗಿಸಲು ಒಂದು ಬೆಂಚೂ ಇಲ್ಲದೆ, ನನ್ನ ಸೊಸೆ ಪ್ರಥಮ ಚಿಕಿತ್ಸೆಯ ಕೋಣೆಯ ನೆಲದ ಮೇಲೆ ರೇನ್‌ಕೋಟ್ ಹಾಸಿ, ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಆ ಕೆಲಸ ಮುಗಿಸಿದೆವು. ಬಾಗಿಲಲ್ಲಿ ಬಲೂನು ಹಂಚುತ್ತಿದ್ದ ಹುಡುಗನನ್ನು ದೂರ ಕಳಿಸಿದ್ದಕ್ಕೆ ಅವನು ನನ್ನನ್ನು ಗಯ್ಯಾಳಿಯೆಂದುಕೊಂಡಿರಬೇಕು. ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಅನೇಕರಿಗೆ ಬಲೂನಿನ ರಬ್ಬರಿನಲ್ಲಿರುವ ಲೇಟೆಕ್ಸ್ ಅಲರ್ಜಿಯೆಂಬುದು ಅವನಿಗೇನು ಗೊತ್ತು. ಅಷ್ಟು ಎಚ್ಚರವಾಗಿದ್ದೂ ಮೋಸಹೋದೆವು. ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ಕೂರಿಸಿದ್ದೆವು, ಪಾದದಲ್ಲಿ ಸ್ಪರ್ಶವಿಲ್ಲದ ಮಗು ಅಳಲೇ ಇಲ್ಲ, ರಾತ್ರಿ ಕಾಲುಚೀಲ ಬಿಚ್ಚಿದಾಗ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ. ಆರು ವಾರ ಡ್ರೆಸಿಂಗ್ ಮಾಡಿಸಿದೆವು.

ವೀಲ್‌ಚೇರ್ ಬಳಸುವವನು, ವಿಜಯನಗರ: ಜಯನಗರದ ಸರ್, ಜಗಳವಾಡದೆ ಬಂದದ್ದನ್ನು ತಾವು ದೊಡ್ಡ ಗುಣದಂತೆ ಬರೆದಿದ್ದೀರಿ. ನಾನೂ ಹನ್ನೆರಡನೆಯ ವಯಸ್ಸಿನಲ್ಲಿ ಹಾಗೆಯೇ ಮೆಟ್ಟಿಲ ತುದಿಯಿಂದ ಹಿಂದಿರುಗಿದವನು. ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಆ ಕಾಯ್ದೆಯ ಪ್ರವೇಶಸೌಲಭ್ಯದ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ಮಾನದಂಡಗಳಾಗಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಯಾವ ಆಟಕ್ಕೆ ಯಾರನ್ನು ಬಿಡುವುದಿಲ್ಲವೆಂದು ಟಿಕೆಟ್ ಕೊಡುವಲ್ಲಿಯೇ ಹೇಳಲು ಅವರಿಗೇನು ಕಷ್ಟ?

ಜಯನಗರದ ತಂದೆ: ಸ್ವಾಮಿ, ಕಾಯ್ದೆಯ ಪುಸ್ತಕ ಮಗಳ ಬೆನ್ನನ್ನು ನೆಟ್ಟಗೆ ಹಿಡಿದಿಡುವುದಿಲ್ಲ. ಕುಳಿತವರು ಕತ್ತು ಬೆನ್ನುಗಳನ್ನು ತಾವೇ ಹಿಡಿದುಕೊಳ್ಳುತ್ತಾರೆಂಬ ಲೆಕ್ಕದಲ್ಲಿಯೇ ಆಟದ ಆಸನದಲ್ಲಿ ಹಿಡಿದಿಡುವ ಸರಳನ್ನು ಮಾಡಿರುತ್ತಾರೆ. ಅವಳು ಜಾರಿದ್ದರೆ ನೀವು ಬಂದು ಹಿಡಿಯುತ್ತಿದ್ದಿರಾ?

ವೀಲ್‌ಚೇರ್ ಬಳಸುವವನು, ವಿಜಯನಗರ: ಹತ್ತಿಸಲೇಬೇಕಿತ್ತೆಂದು ನಾನು ಬರೆದಿಲ್ಲ. ಮುಕ್ಕಾಲು ಗಂಟೆ ನಿಲ್ಲಿಸಿ ಹೇಳಿದ್ದು ತಪ್ಪು ಎಂದೆ. ದಯವಿಟ್ಟು ಮತ್ತೊಮ್ಮೆ ಓದಿ.

ಯಲಹಂಕದ ತಾಯಿ: ನಾನು ಇಂತಹ ಪಾರ್ಕುಗಳ ಆಸೆಯನ್ನೇ ಬಿಟ್ಟು ನಿಶ್ಚಿಂತೆಯಾಗಿದ್ದೇನೆ. ಫ್ರೇಜರ್ ಟೌನಿನ ಕೋಲ್ಸ್ ಪಾರ್ಕಿನಲ್ಲಿ, ಕಿಲಿಕಿಲಿ ಸಂಸ್ಥೆಯ ಪ್ರಯತ್ನದಿಂದ, ಎಲ್ಲ ಬಗೆಯ ಮಕ್ಕಳೂ ಕೂಡಿ ಆಡುವ ಅಂಗಳವಿದೆ. ನನ್ನ ಮಗಳು ತಿಂಗಳಿಗೆರಡು ಭಾನುವಾರ ಅಲ್ಲಿ ಆಡುತ್ತಾಳೆ. ಒಂದೇ ದಿನಕ್ಕೆ ಅಷ್ಟು ಸಾವಿರ ಸುರಿದು ನೋವು ತಂದುಕೊಳ್ಳುವುದು ಮಗುವಿಗಾಗಿಯೋ, ಫೋಟೋಕ್ಕಾಗಿಯೋ ಎಂದು ಒಮ್ಮೆ ಕೇಳಿಕೊಳ್ಳಿ.

ವೀಲ್‌ಚೇರ್ ಬಳಸುವವನು, ವಿಜಯನಗರ: ಆ ಹುಡುಗನ ತರಗತಿಯವರು ಕೋಲ್ಸ್ ಪಾರ್ಕಿಗೆ ಹೋಗಿ ಬಂದಿಲ್ಲವಲ್ಲ, ಮೇಡಂ.

ಜಯನಗರದ ತಂದೆ: ಫೋಟೋ ಎಂಬ ಮಾತು ಅನಗತ್ಯವಾಗಿತ್ತು. ಆ ಎರಡನೆಯ ಆಟದಲ್ಲಿ, ಪುಟ್ಟ ಮಕ್ಕಳ ಉಗಿಬಂಡಿಯಲ್ಲಿ, ನನ್ನ ಮಗಳು ನಕ್ಕ ನಗುವನ್ನು ನೀವು ನೋಡಿಲ್ಲ.

ಯಲಹಂಕದ ತಾಯಿ: ಹಾಗಿದ್ದರೆ ಫೋರ್ಕಿನ ಬೆಲೆಯ ಬದಲು ಅದನ್ನೇ ಮೊದಲು ಬರೆಯಬೇಕಿತ್ತು.

ಮಲ್ಲೇಶ್ವರದ ಅಜ್ಜಿ: ದೊಡ್ಡವರು ಹೀಗೆ ಕಚ್ಚಾಡಿದರೆ ಕೇಳಿದ ಹೆಣ್ಣುಮಗಳು ಏನೆಂದುಕೊಂಡಾಳು?

ರಾಜಾಜಿನಗರದ ತಾಯಿ: ಎಲ್ಲರಿಗೂ ಧನ್ಯವಾದ. ಶೌಚಾಲಯದ ಬಗ್ಗೆ ನಾಳೆಯೇ ಫೋನ್ ಮಾಡಿ ಕೇಳುತ್ತೇನೆ. ಆದರೆ ಮೆಟ್ರೋ, ವಾರದ ದಿನ, ಇವೆರಡಕ್ಕೂ ಉತ್ತರ ಬಂದಿಲ್ಲ.

ವೀಲ್‌ಚೇರ್ ಬಳಸುವವನು, ವಿಜಯನಗರ: ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಬೋಗಿಯಲ್ಲಿ ವೀಲ್‌ಚೇರಿಗೆ ಜಾಗವೂ ಇದೆ, ಅಷ್ಟು ದೂರ ತೊಂದರೆಯಿಲ್ಲ. ಆದರೆ ವಾಪಸು ಬರುವಾಗ ಅವನು ಒದ್ದೆಯಾಗಿ, ದಣಿದು, ಕಾಲು ಬಿಗಿದುಕೊಂಡಿರುತ್ತಾನೆ; ಮನೆಯವರೆಗೂ ಕಾರು ಮಾಡಿ. ತಣ್ಣೀರು ಸ್ನಾಯುಗಳ ಬಿಗಿತವನ್ನು ಹೆಚ್ಚಿಸುತ್ತದೆ, ಡಿಸೆಂಬರಿನಲ್ಲಿ ನೀರಾಟವನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಂಡು ಬೇಗ ಮೇಲೆತ್ತಿ. ವಾರದ ನಡುವೆ ಹೋಗಿ, ಕ್ರಿಸ್ಮಸ್ ರಜೆ ಶುರುವಾಗುವ ಮೊದಲೇ.

ಜಯನಗರದ ತಂದೆ: ಇದನ್ನು ನಾನೂ ಒಪ್ಪುತ್ತೇನೆ. ನೀರಿಗಿಳಿಯುವ ಮೊದಲು ಎಎಫ್‌ಓ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಆಮೇಲೆ ಹಾಕಲು ಒಣಗಿದ ಕಾಲುಚೀಲ ಎರಡು ಜೊತೆ ಇರಲಿ. ಚಕ್ರದ ಬೋಲ್ಟಿಗೆ ಹೊಂದುವ ಸ್ಪ್ಯಾನರ್ ಒಂದನ್ನು ನಿಮ್ಮ ತಮ್ಮನ ಜೇಬಿನಲ್ಲಿ ಹಾಕಿಡಿ. ನಾನು ನಮ್ಮದನ್ನು ಕಾರಿನಲ್ಲಿಯೇ ಬಿಟ್ಟಿದ್ದೆ, ಕಾರು ಒಂದು ಕಿಲೋಮೀಟರ್ ಆಚೆ ನಿಂತಿತ್ತು.